ಎಣಿಕೆಗೆ ಸಿಗದ ಋಣ



ಕಳೆದ ತಿಂಗಳ ಒಂದು ಭಾನುವಾರ ಸಂಜೆ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಹತ್ತನೆಯ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕುಳಿತು, ನಾನು ಹೇಳಿದ ಯಾವ ಮಾತನ್ನೂ ಮೂರು ಪ್ರಶ್ನೆ ಕೇಳದೆ ಒಪ್ಪಿಕೊಳ್ಳದಿದ್ದ ಹುಡುಗಿ. ಈಗ ಪ್ರೋಟೀನುಗಳ ರಚನೆಯನ್ನು ಅಧ್ಯಯನ ಮಾಡುವ ವಿಜ್ಞಾನಿಯಾಗಿದ್ದಾಳೆ.

"ಸಾರ್, ಆರೋಗ್ಯವಾಗಿದ್ದೀರಾ?"

"ಚೆನ್ನಾಗಿದ್ದೇನಮ್ಮಾ. ನಿನ್ನ ಧ್ವನಿ ಯಾಕೋ ಸಪ್ಪಗಿದೆಯಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿಕೊಂಡಳು. ಅವಳ ಹುದ್ದೆಯನ್ನು ಮುಂದುವರಿಸಬೇಕೇ ಬೇಡವೇ ಎಂದು ನಿರ್ಧರಿಸುವ ಕಾಲ ಬಂದಿದೆ. ಅದಕ್ಕಾಗಿ ತುಂಬಿಸಬೇಕಾದ ಅರ್ಜಿಯಲ್ಲಿ ಮುಖ್ಯವಾಗಿ ಮೂರು ಸಂಖ್ಯೆಗಳನ್ನು ಕೇಳಿದ್ದಾರಂತೆ. ಪ್ರಕಟವಾದ ಲೇಖನಗಳೆಷ್ಟು, ಬೇರೆಯವರು ಅವುಗಳನ್ನು ಉಲ್ಲೇಖಿಸಿದ್ದು ಎಷ್ಟು ಸಲ, ಎಚ್-ಸೂಚ್ಯಂಕ ಎಷ್ಟು. ಆರು ವರ್ಷ ಹಗಲಿರುಳು ದುಡಿದು ಬರೆದ ಲೇಖನವೊಂದನ್ನು ಈವರೆಗೆ ಉಲ್ಲೇಖಿಸಿದವರು ಹನ್ನೊಂದು ಮಂದಿ. ಗೆಳತಿಯೊಬ್ಬಳ ಜೊತೆಗೂಡಿ ಎರಡೇ ತಿಂಗಳಲ್ಲಿ ಬರೆದ, ಪ್ರಯೋಗದ ವಿಧಾನವೊಂದನ್ನು ವಿವರಿಸುವ ಪುಟ್ಟ ಟಿಪ್ಪಣಿಯನ್ನು ಉಲ್ಲೇಖಿಸಿದವರು ಇನ್ನೂರಕ್ಕೂ ಹೆಚ್ಚು.

"ಇವೆರಡರಲ್ಲಿ ಯಾವುದು ನನ್ನ ಕೆಲಸ ಅಂತ ನನಗೇ ಅನುಮಾನ ಬಂದಿದೆ ಸಾರ್. ಬಿಟ್ಟುಬಿಡೋಣ ಅನಿಸುತ್ತೆ" ಎಂದಳು. ಆಮೇಲೆ, ಹಳೆಯ ಅಭ್ಯಾಸದಂತೆ, ಒಂದು ಪ್ರಶ್ನೆ ಕೇಳಿದಳು. "ನೀವು ನಮ್ಮ ಉತ್ತರಪತ್ರಿಕೆಗಳಿಗೆ ಅಂಕ ಕೊಡುವಾಗ ಓದಿ ಕೊಡ್ತಿದ್ರಾ, ಎಣಿಸಿ ಕೊಡ್ತಿದ್ರಾ?"

ನನಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಒಂದು ವಾರ ಸಮಯ ಕೊಡಮ್ಮಾ ಎಂದೆ. ಒಂದು ವಾರ ಹೋಗಿ ನಾಲ್ಕು ವಾರಗಳಾದವು. ಈ ನಡುವೆ ಕೆಲವು ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದೆ, ಕೆಲವು ಹೊಸದನ್ನೂ ಓದಿದೆ. ಅವಳಿಗೆ ಹೇಳಬೇಕಾದುದು ನಿಮ್ಮಲ್ಲಿ ಇನ್ನೂ ಹಲವರಿಗೆ ಉಪಯೋಗವಾದೀತು ಎನಿಸಿದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಈ ಎಣಿಕೆ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ವಿಜ್ಞಾನಿಯೊಬ್ಬ ಲೇಖನ ಬರೆಯುವಾಗ ತಾನು ಯಾರ ಯಾರ ಹಿಂದಿನ ಕೆಲಸವನ್ನು ಆಧರಿಸಿದ್ದೇನೆ ಎಂಬುದನ್ನು ಕೊನೆಯಲ್ಲಿ ಪಟ್ಟಿ ಮಾಡುವುದು ಹಳೆಯ ಸಂಪ್ರದಾಯ. ಅದು ಒಂದು ಬಗೆಯ ಋಣಸ್ಮರಣೆ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬವರು 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಸಲಹೆ ಮುಂದಿಟ್ಟರು. ಈ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿ ತಿರುಗುಮುರುಗು ಜೋಡಿಸಿದರೆ, ಒಂದು ಲೇಖನವನ್ನು ಮುಂದೆ ಯಾರು ಯಾರು ಬಳಸಿಕೊಂಡರು ಎಂಬುದನ್ನು ಕಂಡುಕೊಳ್ಳಬಹುದಲ್ಲವೇ? ಅಮೆರಿಕದ ವಕೀಲರಿಗೆ ಇಂಥದೊಂದು ಸೂಚಿ ಹತ್ತೊಂಬತ್ತನೆಯ ಶತಮಾನದಿಂದಲೇ ಇತ್ತು. ಹಳೆಯ ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಎಂದು ಅದು ತಿಳಿಸುತ್ತಿತ್ತು. ಗಾರ್ಫೀಲ್ಡ್ ಅದನ್ನೇ ವಿಜ್ಞಾನಕ್ಕೆ ಅಳವಡಿಸಿ, 1964ರಲ್ಲಿ ವಿಜ್ಞಾನದ ಉಲ್ಲೇಖ ಸೂಚಿಯನ್ನು ಪ್ರಕಟಿಸತೊಡಗಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಅದು ಮೊದಲು ಹುಡುಕುವವರಿಗಾಗಿ ಹುಟ್ಟಿದ ಸಾಧನ. ಗ್ರಂಥಾಲಯದಲ್ಲಿ ದಾರಿ ತೋರುವ ಕೈಮರ. ಕೈಮರವನ್ನು ಕಿತ್ತು ತಂದು ಅಳತೆಗೋಲು ಮಾಡಿಕೊಂಡದ್ದು ಆಮೇಲೆ. 2005ರಲ್ಲಿ ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಸೂಚ್ಯಂಕವನ್ನು ಸೂಚಿಸಿದರು. ಒಬ್ಬರ ಇಪ್ಪತ್ತು ಲೇಖನಗಳು ತಲಾ ಇಪ್ಪತ್ತು ಸಲವಾದರೂ ಉಲ್ಲೇಖವಾಗಿದ್ದರೆ ಅವರ ಸೂಚ್ಯಂಕ ಇಪ್ಪತ್ತು. ಒಂದು ಜೀವಮಾನದ ದುಡಿಮೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳಬಹುದಾದ ಅನುಕೂಲ. ಅನುಕೂಲ ಎಂದ ಮೇಲೆ ಅದು ಹಬ್ಬಲು ತಡವಾಗಲಿಲ್ಲ.

ಹಾಗಾದರೆ ಈ ಅಳತೆಗೋಲಿನಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ನಿಂತಿರುವ ಲೇಖನ ಯಾವುದು? ಐನ್‌ಸ್ಟೀನರದಲ್ಲ. ಡಿಎನ್ಎ ಎಂಬ ಜೋಡಿಸುರುಳಿಯನ್ನು ಲೋಕಕ್ಕೆ ತೋರಿಸಿದ ವ್ಯಾಟ್ಸನ್ ಮತ್ತು ಕ್ರಿಕ್‌ರ 1953ರ ಲೇಖನವೂ ಅಲ್ಲ. 2014ರಲ್ಲಿ 'ನೇಚರ್' ಪತ್ರಿಕೆ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಲೇಖನಗಳ ಪಟ್ಟಿ ಮಾಡಿದಾಗ ಆ ಡಿಎನ್ಎ ಲೇಖನಕ್ಕೆ ನೂರರೊಳಗೆ ಸ್ಥಾನವೇ ಸಿಗಲಿಲ್ಲ. ಮೊದಲ ಸ್ಥಾನ ಪಡೆದದ್ದು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಒಂದು ಲೇಖನ. ಆಗಲೇ ಅದನ್ನು 3 ಲಕ್ಷ 5 ಸಾವಿರ ಸಲಕ್ಕೂ ಹೆಚ್ಚು ಉಲ್ಲೇಖಿಸಲಾಗಿತ್ತು. ಅದರಲ್ಲಿದ್ದುದೇನು? ಒಂದು ದ್ರಾವಣದಲ್ಲಿ ಎಷ್ಟು ಪ್ರೋಟೀನಿದೆ ಎಂದು ಅಳೆಯುವ ವಿಧಾನ. ರಾಸಾಯನಿಕಗಳನ್ನು ಬೆರೆಸಿದರೆ ನೀಲಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಪ್ರೋಟೀನು ಹೆಚ್ಚು. ಅಷ್ಟೇ.

ಲೌರಿಯವರು ಪ್ರಾಮಾಣಿಕರು. ಅದೇನೂ ಮಹತ್ತರವಾದ ಲೇಖನವಲ್ಲವೆಂದು ತಮಗೆ ಗೊತ್ತಿದೆ, ಆದರೂ ಅದಕ್ಕೆ ಸಿಕ್ಕಿದ ಮನ್ನಣೆಯಿಂದ ಒಳಗೊಳಗೇ ಖುಷಿಯಾಗುತ್ತದೆ ಎಂಬರ್ಥದ ಮಾತನ್ನು 1977ರಲ್ಲಿ ಅವರೇ ಬರೆದಿದ್ದಾರೆ. ಅದು ಅಚ್ಚಾದದ್ದಕ್ಕೂ ಒಂದು ಕಾರಣವನ್ನು ಅವರು ಹೇಳಿದ್ದಾರೆ. ಮುಂದೆ ನೊಬೆಲ್ ಪುರಸ್ಕಾರ ಪಡೆದ ಅರ್ಲ್ ಸದರ್‌ಲ್ಯಾಂಡ್ ಅವರು ಈ ವಿಧಾನವನ್ನು ಬಳಸುತ್ತಿದ್ದರು. ಉಲ್ಲೇಖಿಸುವುದಕ್ಕೆ ಏನಾದರೂ ಬೇಕಲ್ಲ, ಬರೆದು ಪ್ರಕಟಿಸಿ ಎಂದು ಅವರು ಒತ್ತಾಯಿಸಿದರಂತೆ. ಉಲ್ಲೇಖಕ್ಕೆಂದೇ ಹುಟ್ಟಿದ ಲೇಖನ ಉಲ್ಲೇಖದಲ್ಲಿ ಜಗತ್ತಿಗೇ ಮೊದಲನೆಯದಾಯಿತು. ನೂರಾರು ಪ್ರಯೋಗಾಲಯಗಳ ನಿತ್ಯದ ಕೆಲಸ ಅದರಿಂದ ಹಗುರವಾಯಿತು. ಅದು ಸಣ್ಣ ಉಪಕಾರವಲ್ಲ. ಆದರೆ ಲೌರಿಯವರ ಜೀವನದ ಶ್ರೇಷ್ಠ ಕೆಲಸ ಅದಲ್ಲವೆಂದು ಅವರಿಗೇ ತಿಳಿದಿತ್ತು. ನನ್ನ ವಿದ್ಯಾರ್ಥಿನಿಯ ಇನ್ನೂರು ಮತ್ತು ಹನ್ನೊಂದರ ಕಥೆಯೂ ಇದೇ ಜಾತಿಯದು.

ಇದಕ್ಕೆ ತೀರ ಬೇರೆಯಾದ ಇನ್ನೊಂದು ಜೀವನವಿದೆ. ಅದು ನಮ್ಮ ಬೆಂಗಳೂರಿನಲ್ಲಿ ಆರಂಭವಾಗಿ, ಮದರಾಸಿನಲ್ಲಿ ಬೆಳೆದು, ಮರಳಿ ಬೆಂಗಳೂರಿಗೆ ಬಂದ ಜೀವನ. ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ 1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಹುಟ್ಟಿದರು. ತಂದೆ ಗಣಿತದ ಅಧ್ಯಾಪಕರು. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನ ಓದಿ, 1942ರಲ್ಲಿ ನಮ್ಮವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸೇರಿದ್ದು ವಿದ್ಯುತ್ ಎಂಜಿನಿಯರಿಂಗಿಗೆ. ಆದರೆ ಮನಸ್ಸು ಭೌತವಿಜ್ಞಾನದಲ್ಲಿ. ಅಲ್ಲಿ ಸರ್ ಸಿ.ವಿ. ರಾಮನ್ ಇದ್ದರು. ಈ ಹುಡುಗ ನಿಮ್ಮ ವಿಭಾಗಕ್ಕೆ ತುಸು ಹೆಚ್ಚೇ ಜಾಣ, ನಾನು ತೆಗೆದುಕೊಳ್ಳುತ್ತೇನೆ ಎಂಬರ್ಥದಲ್ಲಿ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ ರಾಮನ್ ಹೇಳಿದರೆಂಬ ಕಥೆ ಇದೆ. ಮುಂದೆ ಕೇಂಬ್ರಿಡ್ಜಿಗೆ ಹೋಗಿ 1949ರಲ್ಲಿ ಇನ್ನೊಂದು ಡಾಕ್ಟರೇಟ್ ಪಡೆದು ಬಂದರು. 1952ರಲ್ಲಿ, ಮೂವತ್ತರ ಹರೆಯದಲ್ಲಿ, ಮದರಾಸು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ಆ ವರ್ಷವೇ ಇಂಗ್ಲೆಂಡಿನ ವಿಜ್ಞಾನಿ ಜೆ.ಡಿ. ಬರ್ನಾಲ್ ಮದರಾಸಿಗೆ ಬಂದಿದ್ದರು. ಏನು ಸಂಶೋಧನೆ ಮಾಡಲಿ ಎಂದು ಹುಡುಕುತ್ತಿದ್ದ ರಾಮಚಂದ್ರನ್‌ರಿಗೆ ಅವರ ಮಾತಿನಿಂದ ಒಂದು ದಾರಿ ಕಂಡಿತು: ಕೊಲ್ಯಾಜೆನ್. ಚರ್ಮ, ಮೂಳೆ, ಸ್ನಾಯುರಜ್ಜು ಇವುಗಳಿಗೆ ಬಲ ಕೊಡುವ ಪ್ರೋಟೀನು ಅದು. ನಮ್ಮ ಮೈಯಲ್ಲಿರುವ ಪ್ರೋಟೀನುಗಳಲ್ಲೆಲ್ಲ ಅತ್ಯಂತ ಹೇರಳವಾದದ್ದು. ಅದರ ರಚನೆ ಹೇಗಿದೆಯೆಂದು ಆಗ ಯಾರಿಗೂ ಸ್ಪಷ್ಟವಿರಲಿಲ್ಲ. ಅದೃಷ್ಟಕ್ಕೆ ವಿಭಾಗದ ನೆರೆಯಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಕಾಂಗರೂ ಬಾಲದ ಸ್ನಾಯುರಜ್ಜನ್ನು ಸಂಪಾದಿಸಿ, ಗೋಪಿನಾಥ್ ಕರ್ತಾ ಅವರೊಂದಿಗೆ ಕ್ಷ-ಕಿರಣ ಚಿತ್ರಗಳನ್ನು ತೆಗೆದು, 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಮಾದರಿಯನ್ನು ಪ್ರಕಟಿಸಿದರು. ಮೂರು ಎಳೆಗಳು ಸೇರಿ ಆದ ರಚನೆ ಅದು. ಮರುವರ್ಷ ಅದನ್ನು ತಿದ್ದಿ, ಮೂರು ಎಳೆಗಳೂ ತಾವೇ ಸುರುಳಿಯಾಗಿದ್ದು, ಮತ್ತೆ ಒಂದನ್ನೊಂದು ಸುತ್ತಿಕೊಂಡಿರುತ್ತವೆ ಎಂದರು. ನಾವು ತೆಂಗಿನ ನಾರಿನ ಹುರಿಗಳನ್ನು ಹೊಸೆದು ಹಗ್ಗ ಮಾಡುವಂತೆ. ಚಂದ್ರ ಭೂಮಿಯನ್ನು ಸುತ್ತುವಾಗ ಸದಾ ಒಂದೇ ಮುಖವನ್ನು ನಮ್ಮ ಕಡೆ ತೋರುತ್ತಾನಲ್ಲ, ಅದರಿಂದ ಈ ಕಲ್ಪನೆ ಅವರಿಗೆ ಹೊಳೆಯಿತೆಂದು ಹೇಳುತ್ತಾರೆ. ಕೊಲ್ಯಾಜೆನ್ನಿನ ಪ್ರತಿ ಮೂರನೆಯ ಕೊಂಡಿಯೂ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ. ಅದು ಸದಾ ಹಗ್ಗದ ಒಳಮುಖಕ್ಕೇ ತಿರುಗಿರಬೇಕು, ಏಕೆಂದರೆ ಅಲ್ಲಿ ಅದಕ್ಕಿಂತ ದೊಡ್ಡದಕ್ಕೆ ಜಾಗವೇ ಇಲ್ಲ.

ಇಲ್ಲಿಂದ ಮುಂದಿನ ಘಟ್ಟವೇ ನನಗೆ ಮುಖ್ಯವೆನಿಸುವುದು. 1955ರ ನವೆಂಬರಿನಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಅದೇ 'ನೇಚರ್' ಪತ್ರಿಕೆಯಲ್ಲಿ ತಮ್ಮ ಮಾದರಿಯನ್ನು ಪ್ರಕಟಿಸಿದರು. ಮೂರು ಎಳೆಗಳ ಹೊಸೆದ ಹಗ್ಗವೆಂಬ ಮೂಲ ಕಲ್ಪನೆ ಅದೇ. ಆದರೆ ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಅತಿಯಾಗಿ ಸಮೀಪದಲ್ಲಿವೆ, ಪ್ರಕೃತಿಯಲ್ಲಿ ಅಷ್ಟು ಸಮೀಪ ಬರಲಾರವು ಎಂಬುದು ಅವರ ಆಕ್ಷೇಪ. ಎಳೆಗಳನ್ನು ಬೆಸೆಯುವ ಹೈಡ್ರೋಜನ್ ಬಂಧಗಳು ಮೂರು ಕೊಂಡಿಗಳಿಗೆ ಎರಡು ಎಂದು ರಾಮಚಂದ್ರನ್. ಒಂದೇ ಎಂದು ಇವರು. ನ್ಯಾಯವಾಗಿ ಹೇಳಬೇಕೆಂದರೆ, ಈ ವಿವರದಲ್ಲಿ ರಿಚ್ ಮತ್ತು ಕ್ರಿಕ್ ಹೇಳಿದ್ದೇ ಸರಿಯೆಂದು 1994ರಲ್ಲಿ ಪ್ರಕಟವಾದ ಸ್ಫಟಿಕ ರಚನೆ ತೋರಿಸಿತು. ಮೂಲ ಕಲ್ಪನೆಯ ಹಿರಿಮೆ ಮಾತ್ರ ಮದರಾಸಿನದೇ.

ತಮ್ಮ ಕೆಲಸವನ್ನು ಕೇಂಬ್ರಿಡ್ಜಿನ ಕ್ರಿಕ್ ಅಂಥವರು ಅಚ್ಚಿನಲ್ಲಿ ಟೀಕಿಸಿದರೆ ಮದರಾಸಿನ ಯುವಕನೊಬ್ಬನ ಮನಸ್ಸಿಗೆ ಏನಾಗಬಹುದು? ರಾಮಚಂದ್ರನ್ ಆ ಆಕ್ಷೇಪವನ್ನೇ ಪ್ರಶ್ನೆಯಾಗಿ ಪರಿವರ್ತಿಸಿಕೊಂಡರು. "ಅತಿಯಾಗಿ ಸಮೀಪ" ಎಂದರೆ ಎಷ್ಟು ಸಮೀಪ? ಎರಡು ಪರಮಾಣುಗಳು ಎಷ್ಟರ ಮಟ್ಟಿಗೆ ಹತ್ತಿರ ಬರಬಹುದು? ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿ, ಕಾರ್ಬನ್ ಮತ್ತು ಆಮ್ಲಜನಕದ ನಡುವೆ ಕನಿಷ್ಠ ಅಂತರ ಎಷ್ಟು, ಸಾರಜನಕ ಮತ್ತು ಜಲಜನಕದ ನಡುವೆ ಎಷ್ಟು ಎಂದು ಪಟ್ಟಿ ಮಾಡಿದರು. ಆಮೇಲೆ ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಅವರೊಡನೆ ಸೇರಿ ಇನ್ನೂ ದೊಡ್ಡ ಪ್ರಶ್ನೆಗೆ ಕೈಹಾಕಿದರು. ಕೊಲ್ಯಾಜೆನ್ ಒಂದೇ ಅಲ್ಲ, ಯಾವುದೇ ಪ್ರೋಟೀನಿನ ಸರಪಳಿ ಯಾವ ಯಾವ ಭಂಗಿಗಳಲ್ಲಿ ಬಾಗಬಲ್ಲದು?

ನಿಮಗೆ ತರಗತಿಯಲ್ಲಿ ಹೇಳುತ್ತಿದ್ದ ರೀತಿಯಲ್ಲೇ ಹೇಳುತ್ತೇನೆ. ಹತ್ತು ಹಳೆಯ ಅಂಚೆ ಕಾರ್ಡುಗಳನ್ನು ತೆಗೆದುಕೊಳ್ಳಿ. ಒಂದರ ಮೂಲೆಯನ್ನು ಮತ್ತೊಂದರ ಎದುರು ಮೂಲೆಗೆ ದಾರದಿಂದ ಕಟ್ಟುತ್ತಾ ಹೋಗಿ. ಇದೇ ಪ್ರೋಟೀನಿನ ಸರಪಳಿ. ಕಾರ್ಡು ಬಾಗುವುದಿಲ್ಲ, ಎರಡು ಅಮೈನೋ ಆಮ್ಲಗಳನ್ನು ಸೇರಿಸುವ ಬಂಧದ ಸುತ್ತಲಿನ ಪರಮಾಣುಗಳು ಒಂದೇ ಸಮತಲದಲ್ಲಿರುತ್ತವೆಂದು ಲೈನಸ್ ಪಾಲಿಂಗ್ ಮೊದಲೇ ತೋರಿಸಿದ್ದರು. ತಿರುಗಬಲ್ಲದ್ದು ಮೂಲೆಯ ಗಂಟಿನಲ್ಲಿ ಮಾತ್ರ. ಪ್ರತಿ ಗಂಟಿನಲ್ಲಿ ಒಂದು ಕಾರ್ಬನ್ ಪರಮಾಣು. ಅದರ ಎಡಕ್ಕೊಂದು, ಬಲಕ್ಕೊಂದು ತಿರುವು. ಈ ಎರಡು ಕೋನಗಳಿಗೆ ಫೈ, ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರು. ಎಲ್ಲ ಗಂಟುಗಳ ಈ ಎರಡೆರಡು ಕೋನಗಳು ಗೊತ್ತಾದರೆ ಇಡೀ ಸರಪಳಿಯ ಭಂಗಿ ಗೊತ್ತಾದಂತೆ.

ಈಗ ಒಂದು ಗ್ರಾಫ್ ಹಾಳೆ ತೆಗೆದುಕೊಂಡು, ಅಡ್ಡಕ್ಕೆ ಫೈ ಕೋನವನ್ನು, ಉದ್ದಕ್ಕೆ ಸೈ ಕೋನವನ್ನು ಗುರುತಿಸಿ. ಹಾಳೆಯ ಪ್ರತಿ ಬಿಂದುವೂ ಒಂದು ಭಂಗಿ. ಪ್ರತಿ ಭಂಗಿಯಲ್ಲೂ ಯಾವ ಪರಮಾಣು ಯಾವುದಕ್ಕೆ ಢಿಕ್ಕಿ ಹೊಡೆಯುತ್ತದೆಂದು ಲೆಕ್ಕ ಹಾಕಿ, ಢಿಕ್ಕಿಯಾಗುವ ಬಿಂದುಗಳನ್ನು ಬಿಟ್ಟುಬಿಡಿ. ಇಂದಿನ ಗಣಕಯಂತ್ರಗಳಿಲ್ಲದ ಕಾಲ; ಮೇಜಿನ ಮೇಲಿಡುವ ಲೆಕ್ಕದ ಯಂತ್ರದಲ್ಲಿ ಈ ದುಡಿಮೆ ನಡೆಯಿತು. ಕೊನೆಗೆ ಉಳಿದದ್ದು ಆಶ್ಚರ್ಯಕರವಾಗಿತ್ತು. ಬಹುತೇಕ ಅಮೈನೋ ಆಮ್ಲಗಳಿಗೆ ಹಾಳೆಯ ಕಾಲುಭಾಗಕ್ಕಿಂತ ಕಡಿಮೆ ಜಾಗ ಮಾತ್ರ ಅನುಮತ. ಉಳಿದ ಮುಕ್ಕಾಲು ಭಾಗ ನಿಷಿದ್ಧ. ಅನುಮತವಾದ ದ್ವೀಪಗಳಲ್ಲೇ ಪಾಲಿಂಗ್ ಕಂಡಿದ್ದ ಆಲ್ಫಾ ಸುರುಳಿಯೂ ಬೀಟಾ ಹಾಳೆಯೂ ಕುಳಿತಿದ್ದವು. 1963ರಲ್ಲಿ ಇದು ಆಣ್ವಿಕ ಜೀವವಿಜ್ಞಾನದ ಒಂದು ಪ್ರಮುಖ ಪತ್ರಿಕೆಯಲ್ಲಿ ಐದು ಪುಟಗಳ ಲೇಖನವಾಗಿ ಬಂದಿತು. ಆಗ ಪರಮಾಣುಗಳ ಮಟ್ಟದಲ್ಲಿ ರಚನೆ ಗೊತ್ತಿದ್ದ ಪ್ರೋಟೀನುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಮುಂದೆ ರಚನೆಗಳು ಒಂದೊಂದಾಗಿ ಬಯಲಾದಂತೆ, ಅವುಗಳ ಕೋನಗಳು ಮದರಾಸಿನಲ್ಲಿ ಗೆರೆ ಎಳೆದಿದ್ದ ದ್ವೀಪಗಳೊಳಗೇ ಹೋಗಿ ಬಿದ್ದವು.

ಇದೇ ರಾಮಚಂದ್ರನ್ ನಕ್ಷೆ. 2023ರ ಆರಂಭದ ಹೊತ್ತಿಗೆ ಜಗತ್ತಿನ ಪ್ರೋಟೀನ್ ಭಂಡಾರದಲ್ಲಿ ಎರಡು ಲಕ್ಷ ರಚನೆಗಳು ಸೇರಿದ್ದವು. ಅಲ್ಲಿಗೆ ಹೊಸ ರಚನೆಯನ್ನು ಒಪ್ಪಿಸುವವರ ಲೆಕ್ಕವನ್ನು ಈ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಹಲವು ಬಿಂದುಗಳು ನಿಷಿದ್ಧ ಪ್ರದೇಶದಲ್ಲಿ ಬಿದ್ದರೆ ಎಲ್ಲೋ ತಪ್ಪಾಗಿದೆಯೆಂಬ ಸುಳಿವು. 2020ರಲ್ಲಿ ಕೊರೋನಾ ವೈರಾಣುವಿನ ಮೇಲಿನ ಮುಳ್ಳುಪ್ರೋಟೀನಿನ ರಚನೆ ಹೊರಬಂದಾಗಲೂ ಆ ಲೇಖನದ ಕೋಷ್ಟಕದಲ್ಲಿ ರಾಮಚಂದ್ರನ್ ಎಂಬ ಹೆಸರಿತ್ತು. ಕಂಪ್ಯೂಟರಿನಿಂದ ಪ್ರೋಟೀನಿನ ಆಕಾರವನ್ನು ಊಹಿಸಿದ ಸಾಧನೆಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಅಂಥ ಊಹೆಗಳನ್ನು ಒರೆಗೆ ಹಚ್ಚುವಾಗಲೂ ಈ ಹಳೆಯ ಗ್ರಾಫ್ ಹಾಳೆ ಬೇಕು.

ಹೀಗಿರುವಾಗ ಉಲ್ಲೇಖದ ಎಣಿಕೆಯಲ್ಲಿ ಆ 1963ರ ಲೇಖನ ಜಗತ್ತಿನ ತುದಿಯಲ್ಲಿರಬೇಕಲ್ಲವೇ? ಅದನ್ನು ಸಾವಿರಾರು ಸಲ ಉಲ್ಲೇಖಿಸಿದ್ದಾರೆ, ನಿಜ. ಆದರೆ ಬಳಸಿದವರಿಗೆ ಹೋಲಿಸಿದರೆ ಅದು ಅಲ್ಪ. ಈ ಬಗ್ಗೆ ನನ್ನ ವಿದ್ಯಾರ್ಥಿನಿಯನ್ನೇ ಮತ್ತೊಮ್ಮೆ ದೂರವಾಣಿಯಲ್ಲಿ ಕೇಳಿದೆ.

"ನೀನು ಬರೆದ ಲೇಖನಗಳಲ್ಲಿ ರಾಮಚಂದ್ರನ್ ನಕ್ಷೆ ಬರುತ್ತದೇನಮ್ಮಾ?"

"ಪ್ರತಿಯೊಂದರಲ್ಲೂ ಸಾರ್."

"ಕೊನೆಯ ಪಟ್ಟಿಯಲ್ಲಿ ಅವರ ಲೇಖನವನ್ನು ಸೇರಿಸಿದ್ದೀಯಾ?"

ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. "ಇಲ್ಲ ಸಾರ್. ಒಮ್ಮೆಯೂ ಇಲ್ಲ. ಪೈಥಾಗೊರಸನ ಪ್ರಮೇಯ ಬಳಸಿದರೆ ಪೈಥಾಗೊರಸನನ್ನು ಯಾರು ಉಲ್ಲೇಖಿಸ್ತಾರೆ? ನಾನು ಆ ಮೂಲ ಲೇಖನವನ್ನು ಓದಿಯೂ ಇಲ್ಲ" ಎಂದಳು.

ರಾಬರ್ಟ್ ಮರ್ಟನ್ ಎಂಬ ಸಮಾಜವಿಜ್ಞಾನಿ ಈ ವಿದ್ಯಮಾನವನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಒಂದು ವಿಚಾರ ವಿದ್ಯೆಯ ಮೈಯಲ್ಲಿ ಪೂರ್ತಿ ಬೆರೆತುಹೋದಾಗ ಅದರ ಮೂಲದ ಗುರುತು ಅಳಿದುಹೋಗುತ್ತದೆ. ಉಪ್ಪು ಸಾರಿನಲ್ಲಿ ಕರಗಿದ ಮೇಲೆ ಎಲೆಯ ಮೇಲೆ ಕಾಣಿಸುವುದಿಲ್ಲ. ಇಲ್ಲದಿದ್ದರೆ ಮಾತ್ರ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಎಣಿಸುವ ಯಂತ್ರ ಎಲೆಯ ಮೇಲೆ ಕಾಣುವುದನ್ನು ಮಾತ್ರ ಎಣಿಸಬಲ್ಲದು. ಉಲ್ಲೇಖ ಇಲ್ಲದಿರುವುದಕ್ಕೆ ಎರಡು ತದ್ವಿರುದ್ಧ ಕಾರಣಗಳಿರಬಹುದು: ಯಾರಿಗೂ ಬೇಡವಾದ ಕೆಲಸ, ಅಥವಾ ಎಲ್ಲರಿಗೂ ನೆಲವಾಗಿ ಹೋದ ಕೆಲಸ. ಸಂಖ್ಯೆಯನ್ನು ಮಾತ್ರ ನೋಡುವವರಿಗೆ ಈ ಎರಡರ ಅಂತರ ತಿಳಿಯದು.

ರಾಮಚಂದ್ರನ್‌ರ ಇನ್ನೊಂದು ಕೆಲಸವೂ ಹೀಗೆಯೇ ಕರಗಿಹೋಗಿದೆ. ಸತೀಶ್ ಧವನ್ ಅವರು ನಿರ್ದೇಶಕರಾಗಿದ್ದಾಗ, 1970-71ರ ವೇಳೆಗೆ, ರಾಮಚಂದ್ರನ್ ಬೆಂಗಳೂರಿಗೆ ಮರಳಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಆಣ್ವಿಕ ಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಒಂದು ಗಣಿತದ ಲೇಖನ ಬರೆದರು. ಹಲವು ದಿಕ್ಕುಗಳಿಂದ ತೆಗೆದ ಕ್ಷ-ಕಿರಣ ನೆರಳುಗಳಿಂದ ವಸ್ತುವಿನ ಒಳಗಿನ ಚಿತ್ರವನ್ನು ಬೇಗನೆ, ನಿಖರವಾಗಿ ಮತ್ತೆ ಕಟ್ಟುವುದು ಹೇಗೆ ಎಂಬುದು ವಿಷಯ. ರೇಡಿಯೋ ಖಗೋಳದಲ್ಲಿ ಇಂಥದೇ ಗಣಿತವನ್ನು 1967ರಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ಎಂಬವರು ಬಳಸಿದ್ದರು. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಅದನ್ನು ಕ್ಷ-ಕಿರಣ ಚಿತ್ರಗಳಿಗೆ ಸ್ವತಂತ್ರವಾಗಿ ರೂಪಿಸಿದರು. ಸಿ.ಟಿ. ಸ್ಕ್ಯಾನ್ ಯಂತ್ರಗಳು ದಶಕಗಳ ಕಾಲ ಈ ವಿಧಾನವನ್ನೋ ಇದರ ಪರಿಷ್ಕೃತ ರೂಪವನ್ನೋ ಬಳಸಿದವು. ಅದರಲ್ಲಿನ ಒಂದು ಹಂತಕ್ಕೆ ಇಬ್ಬರ ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ರಾಮ್-ಲಾಕ್ ಫಿಲ್ಟರ್ ಎಂದೇ ಹೆಸರು.

ಬಂಧುಗಳಿಗೆ ನೆನಪಿರಬಹುದು, ನನ್ನ ಅಣ್ಣನಿಗೆ ಪಾರ್ಶ್ವವಾಯು ಬಡಿದ ರಾತ್ರಿ. ಆಸ್ಪತ್ರೆಯ ಹಜಾರದಲ್ಲಿ ಅತ್ತಿಗೆಯ ಪಕ್ಕದಲ್ಲಿ ನಿಂತು ಆ ಬಾಗಿಲನ್ನೇ ನೋಡುತ್ತಿದ್ದೆ. ಕೆಲವೇ ನಿಮಿಷಗಳಲ್ಲಿ ಮಿದುಳಿನ ಚಿತ್ರ ಹೊರಬಂದು, ರಕ್ತಸ್ರಾವವಿಲ್ಲವೆಂದು ವೈದ್ಯರು ಹೇಳಿ, ಚಿಕಿತ್ಸೆ ಆರಂಭವಾಯಿತು. ಆ ರಾತ್ರಿ ನಾನು ದೇವರನ್ನು ನೆನೆದೆ, ವೈದ್ಯರಿಗೆ ಕೈಮುಗಿದೆ. ನಮ್ಮ ಊರಿನಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿ ಕುಳಿತು ಆ ಗಣಿತ ಬರೆದವರನ್ನು ನೆನೆಯಲಿಲ್ಲ. ಅವರ ಹೆಸರು ಆಗ ನನಗೆ ಸರಿಯಾಗಿ ಗೊತ್ತೇ ಇರಲಿಲ್ಲ. ಮೂರು ದಶಕಕ್ಕೂ ಮೀರಿ ವಿಜ್ಞಾನ ಬೋಧಿಸಿದ ಮೇಷ್ಟ್ರ ಸ್ಥಿತಿಯೇ ಇದು. ಇದನ್ನು ಯಾವ ಸೂಚ್ಯಂಕದಲ್ಲಿ ಸೇರಿಸೋಣ?

ರಾಮಚಂದ್ರನ್‌ರಿಗೆ ನೊಬೆಲ್ ಬರಲಿಲ್ಲ. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿತು. 1999ರಲ್ಲಿ ಸ್ಫಟಿಕವಿಜ್ಞಾನದ ಅತ್ಯುನ್ನತ ಗೌರವವಾದ ಎವಾಲ್ಡ್ ಪ್ರಶಸ್ತಿ ದೊರೆಯಿತು. ಅದಕ್ಕೆ ಹಿಂದಿನ ವರ್ಷ ಪತ್ನಿ ರಾಜಲಕ್ಷ್ಮಿಯವರು ತೀರಿಕೊಂಡಿದ್ದರು. ಅವರನ್ನೂ ಪಾರ್ಕಿನ್ಸನ್ ಕಾಯಿಲೆ ಬಾಧಿಸುತ್ತಿತ್ತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

ಇಷ್ಟು ಹೇಳಿದ ಮೇಲೆ, ಸಂಖ್ಯೆಗಳನ್ನೆಲ್ಲ ಕಸಕ್ಕೆ ಎಸೆಯಿರಿ ಎಂದುಬಿಟ್ಟರೆ ಕೇಳಲು ಹಿತವಾಗಿರುತ್ತದೆ. ಆದರೆ ಅದು ಪ್ರಾಮಾಣಿಕವಾದ ಮಾತಲ್ಲ. ಎಸ್.ಎಸ್.ಎಲ್.ಸಿ.ಯ ಉತ್ತರಪತ್ರಿಕೆಯಲ್ಲಿ ವಿದ್ಯಾರ್ಥಿಯ ಹೆಸರಿರುವುದಿಲ್ಲ. ಆ ಕಾರಣದಿಂದಲೇ ಕೂಲಿಯವರ ಮಗಳಿಗೂ ಸಾಹುಕಾರರ ಮಗನಿಗೂ ಒಂದೇ ತಕ್ಕಡಿ. ಅಂಕವೆಂಬ ಸಂಖ್ಯೆ ಇಲ್ಲದಿದ್ದರೆ ನಿಮ್ಮಲ್ಲಿ ಎಷ್ಟು ಮಂದಿಗೆ ಮುಂದಿನ ಬಾಗಿಲು ತೆರೆಯುತ್ತಿತ್ತು? ಹಾಗೆಯೇ, ಯಾರ ಪರಿಚಯವೂ ಇಲ್ಲದ ಒಬ್ಬ ವಿಜ್ಞಾನಿಯ ಕೆಲಸ ದೂರದೇಶದವರ ಕಣ್ಣಿಗೆ ಬೀಳಲು ಈ ಉಲ್ಲೇಖ ಸೂಚಿ ನೆರವಾಗಿರುವುದೂ ಉಂಟು. ಶಿಫಾರಸಿಗಿಂತ ಸಂಖ್ಯೆ ಎಷ್ಟೋ ಮೇಲು. ಆದರೆ ಓದಿಗಿಂತ ಅಲ್ಲ.

ಈಗ ಅವಳ ಪ್ರಶ್ನೆಗೆ ಬರುತ್ತೇನೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ತೊಂಬತ್ತರ ದಶಕದ ಒಂದು ಬೇಸಿಗೆ, ಮೌಲ್ಯಮಾಪನ ಕೇಂದ್ರ. ಸೆಕೆಯಲ್ಲಿ ದಿನಕ್ಕೆ ಇಷ್ಟು ಪತ್ರಿಕೆ ಎಂದು ಲೆಕ್ಕ. ಕಬ್ಬಿಣದ ಮೊಳೆ ಮುಳುಗುತ್ತದೆ, ಕಬ್ಬಿಣದ ಹಡಗು ತೇಲುತ್ತದೆ, ಏಕೆ ಎಂಬುದು ಪ್ರಶ್ನೆ, ಮೂರು ಅಂಕ. ನಮ್ಮ ಕೈಯಲ್ಲಿದ್ದ ಮಾದರಿ ಉತ್ತರದಲ್ಲಿ ಸಾಂದ್ರತೆ, ಸ್ಥಾನಪಲ್ಲಟಗೊಂಡ ನೀರು, ಆರ್ಕಿಮಿಡೀಸ್ ಎಂಬ ಮೂರು ಅಂಶಗಳಿದ್ದವು. ಒಂದೊಂದಕ್ಕೆ ಒಂದು ಅಂಕ. ಒಂದು ಪತ್ರಿಕೆಯಲ್ಲಿ ಆ ಮೂರರಲ್ಲಿ ಒಂದು ಪದವೂ ಇರಲಿಲ್ಲ. ಬಾವಿಗೆ ಬಿಟ್ಟ ಬಿಂದಿಗೆ ಮೊದಲು ತೇಲುತ್ತದೆ, ಬಾಯಿಂದ ನೀರು ಹೊಕ್ಕ ಮೇಲೆ ಮುಳುಗುತ್ತದೆ. ಬಿಂದಿಗೆ ಅದೇ, ಒಳಗಿನ ಗಾಳಿ ಹೋಯಿತು. ಆದ್ದರಿಂದ ಹಡಗನ್ನು ತೂಗುವಾಗ ಅದರೊಳಗಿನ ಗಾಳಿಯನ್ನೂ ಹಡಗೆಂದೇ ಲೆಕ್ಕ ಹಿಡಿಯಬೇಕು ಎಂದು ಬರೆದಿತ್ತು. ಓದಿದಾಗ ಮನಸ್ಸು ಒಂದು ಕ್ಷಣ ನಿಂತಿತು. ಆಮೇಲೆ ಗಡಿಯಾರ ನೋಡಿದೆ, ಮುಂದಿದ್ದ ಕಟ್ಟು ನೋಡಿದೆ. ಒಂದು ಅಂಕ ಹಾಕಿ ಪುಟ ತಿರುವಿದೆ.

ಆ ಕೈಬರಹ ಯಾರದೆಂದು ನನಗೆ ಎಂದೂ ತಿಳಿಯಲಿಲ್ಲ. ಅಂದು ಸರಿಯಾಗಿ ಯೋಚಿಸಿ ಬರೆದಿದ್ದ ಒಂದೇ ಉತ್ತರ ಬಹುಶಃ ಅದಾಗಿತ್ತು. ಉಳಿದ ಪತ್ರಿಕೆಗಳಲ್ಲಿ ಮೂರು ಪದಗಳಿದ್ದವು, ಮೂರು ಅಂಕ ಕೊಟ್ಟೆ. ಆದ್ದರಿಂದ, ಮಗಳೇ, ನಿನ್ನ ಪ್ರಶ್ನೆಗೆ ಉತ್ತರ ಇದು: ಎಷ್ಟೋ ಸಲ ಓದಿ ಕೊಟ್ಟಿದ್ದೇನೆ, ಎಷ್ಟೋ ಸಲ, ದಣಿದಾಗ, ಎಣಿಸಿ ಕೊಟ್ಟಿದ್ದೇನೆ. ನಿನ್ನ ಅರ್ಜಿಯನ್ನು ನೋಡುವವರೂ ದಣಿದವರೇ ಇರಬಹುದು. ಅವರು ಎಣಿಸಿದರೆ ಅದು ಅವರ ದಣಿವಿನ ಅಳತೆ, ನಿನ್ನ ಕೆಲಸದ್ದಲ್ಲ. ಆ ಹನ್ನೊಂದು ಮಂದಿ ಯಾರು, ನಿನ್ನ ಲೇಖನವನ್ನು ಎತ್ತಿಕೊಂಡು ಏನು ಮಾಡಿದರು ಎಂದು ಓದಿ ನೋಡು. ಅವರಲ್ಲಿ ಯಾರಾದರೂ ನಿನ್ನ ತಪ್ಪು ತೋರಿಸಿದ್ದರೆ ಅವರನ್ನು ಮೊದಲು ಓದು. ರಾಮಚಂದ್ರನ್‌ರ ನಕ್ಷೆ ಹುಟ್ಟಿದ್ದು ಹೊಗಳಿದವರಿಂದಲ್ಲ.

ಅವಳ ಅರ್ಜಿಯ ಫಲಿತಾಂಶ ಇನ್ನ��ೂ ಬಂದಿಲ್ಲ. ಬಿಟ್ಟುಬಿಡುವ ಮಾತನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದ್ದಾಳೆ. ಮೊನ್ನೆ ಒಂದು ಸಂದೇಶ ಕಳುಹಿಸಿದ್ದಳು: "ಸಾರ್, 1963ರ ಲೇಖನವನ್ನು ಹುಡುಕಿ ಓದಿದೆ. ಐದೇ ಪುಟ. ನನ್ನ ಹೊಸ ಲೇಖನದ ಕೊನೆಯ ಪಟ್ಟಿಗೆ ಸೇರಿಸಿದ್ದೇನೆ."

ಲೆಕ್ಕಕ್ಕೆ ಒಂದು ಹೆಚ್ಚಾಯಿತು. ಅದಕ್ಕಿಂತ, ಅವಳು ಓದಿದಳಲ್ಲ ಎಂಬುದು ನನ್ನ ಸಂತೋಷ.